ಹಳದಿ ನಕಾಶೆಗೆ ಹದಿಮೂರು ಸಾವಿರ ತಕರಾರು

ಬೆಂಗಳೂರಿನ ಸುತ್ತ ಜಮೀನು ನೋಡಲು ಹೋದವರಿಗೆ ದಲ್ಲಾಳಿಗಳು ಹೇಳುವ ಮೊದಲ ಮಾತು ಬೆಲೆಯದ್ದಲ್ಲ, ಬಣ್ಣದ್ದು. ‘ಯೆಲ್ಲೋ ಜೋನ್ ಸಾರ್, ಯೋಚನೆ ಮಾಡಬೇಡಿ.’ ಮಹಾಯೋಜನೆಯ ನಕಾಶೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ. ಶಾಲೆ, ಆಸ್ಪತ್ರೆಗಳಿಗೆ ಕೆಂಪು. ಹಸಿರೆಂದರೆ ಉದ್ಯಾನ, ಊರಾಚೆಗೆ ಹೋದರೆ ಕೃಷಿ ವಲಯ. ರಾಗಿ ಬೆಳೆಯುತ್ತಿದ್ದ ಎಕರೆಯೊಂದು ಹಸಿರಿನಿಂದ ಹಳದಿಗೆ ತಿರುಗಿದರೆ ಆ ಮನೆತನದ ಎರಡು ತಲೆಮಾರಿನ ಹಣೆಬರಹವೇ ಬದಲಾಗುತ್ತದೆ. ಪಕ್ಕದ ಸರ್ವೆ ನಂಬರಿನವನು ಹಸಿರಿನಲ್ಲೇ ಉಳಿದುಬಿಟ್ಟರೆ ಅವನ ಸಿಟ್ಟೂ ಎರಡು ತಲೆಮಾರು ಉಳಿಯುತ್ತದೆ.

ಇಷ್ಟೆಲ್ಲ ನಿರ್ಧರಿಸುವ ನಕಾಶೆಯನ್ನು ಅಂತಿಮಗೊಳಿಸುವ ಮುನ್ನ ಜನರ ಮುಂದಿಡಬೇಕು ಎಂದು ಕಾನೂನು ಹೇಳುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಮಿನ ಪ್ರಕಾರ ಸರ್ಕಾರ ಕರಡಿಗೆ ತಾತ್ಕಾಲಿಕ ಅನುಮೋದನೆ ಕೊಟ್ಟ ಮೇಲೆ ಯೋಜನಾ ಪ್ರಾಧಿಕಾರ ಅದನ್ನು ಪ್ರಕಟಿಸಬೇಕು. ಆಮೇಲೆ 60 ದಿನ ಸಾರ್ವಜನಿಕರು ಲಿಖಿತವಾಗಿ ಆಕ್ಷೇಪಣೆ, ಸಲಹೆ ಕೊಡಬಹುದು. ಬೆಂಗಳೂರಿಗೆ ಮಾತ್ರವಲ್ಲ, ಯೋಜನಾ ಪ್ರಾಧಿಕಾರ ಇರುವ ರಾಜ್ಯದ ಪ್ರತಿ ಪಟ್ಟಣಕ್ಕೂ ಇದೇ ಕಾಯ್ದೆ.

2017ರ ನವೆಂಬರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ‘ಪರಿಷ್ಕೃತ ಮಹಾಯೋಜನೆ 2031’ರ ಕರಡನ್ನು ಹೊರಗೆ ತಂದಿತು. 1,200 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶ. 2031ಕ್ಕೆ ಎರಡು ಕೋಟಿ ದಾಟುವ ಜನಸಂಖ್ಯೆಯ ಅಂದಾಜು. ಸಂಪುಟಗಟ್ಟಲೆ ವರದಿ, ವಲಯ ನಿಯಮಾವಳಿ, ರಾಶಿ ನಕಾಶೆ. ಓದಲು ಎರಡು ತಿಂಗಳು. ನಗರ ಯೋಜನೆಯಲ್ಲಿ ಪದವಿ ಪಡೆದವರೂ ತಡವರಿಸುವ ಆ ಕಡತಗಳಲ್ಲಿ ತನ್ನ ಬೀದಿ ಎಲ್ಲಿದೆ ಎಂದು ಸಾಮಾನ್ಯನೊಬ್ಬ ಹುಡುಕಿ ತೆಗೆಯುವುದೇ ಸಾಹಸ. ಆದರೂ ಜನ ಬರೆದರು. ಬಂದ ಆಕ್ಷೇಪಣೆಗಳು 13 ಸಾವಿರಕ್ಕೂ ಹೆಚ್ಚು.

ಮುಂದೇನಾಯಿತು? 2020ರ ಜೂನಿನಲ್ಲಿ ಸರ್ಕಾರ ಆ ಕರಡನ್ನೇ ಹಿಂದಕ್ಕೆ ಪಡೆಯಿತು. ಮೆಟ್ರೊ ಮಾರ್ಗಗಳ ಆಸುಪಾಸಿನಲ್ಲಿ ದಟ್ಟವಾಗಿ ಕಟ್ಟುವ ನೀತಿಯನ್ನು ಸೇರಿಸಿ ಹೊಸದಾಗಿ ತಯಾರಿಸಬೇಕೆಂಬುದು ಕೊಟ್ಟ ಕಾರಣಗಳಲ್ಲೊಂದು. ಕಾರಣ ಸರಿಯೋ ತಪ್ಪೋ ಬೇರೆ ಮಾತು. ಆ ಹದಿಮೂರು ಸಾವಿರ ಕಾಗದಗಳಿಗೆ ಮಾತ್ರ ಕಡತದಲ್ಲೇ ಬೆಚ್ಚಗೆ ಮಲಗುವ ಯೋಗ ಬಂತು. 2007ರಲ್ಲಿ ಅನುಮೋದನೆಗೊಂಡ, 2015ಕ್ಕೆಂದು ಮಾಡಿದ್ದ ಹಳೆಯ ಯೋಜನೆಯೇ ಗಡುವು ಮುಗಿದ ಮೇಲೂ ಊರನ್ನು ಆಳುತ್ತಾ ಬಂತು.

ಈ ಎಳೆದಾಟದಲ್ಲಿ ನೆಲದ ಮೇಲಿನ ನಿಯಮ ಮಾತ್ರ ಸುಮ್ಮನೆ ನಿಲ್ಲಲಿಲ್ಲ. ಕರಡು ಹೊರಬಂದಾಗ ಹಸಿರು ನ್ಯಾಯಮಂಡಳಿಯ 2016ರ ಆದೇಶ ಜಾರಿಯಲ್ಲಿತ್ತು: ಕೆರೆಯಂಚಿನಿಂದ 75 ಮೀಟರ್ ಕಟ್ಟುವಂತಿಲ್ಲ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕೆರೆಗೆ ಹಳೆಯ 30 ಮೀಟರೇ ಮರಳಿತು. ಅಂದರೆ ಜನ ಆಕ್ಷೇಪಣೆ ಬರೆದದ್ದು ಒಂದು ಊರಿನ ಬಗ್ಗೆ, ಕಡತ ಸರಿದಾಡುವಷ್ಟರಲ್ಲಿ ಅದು ಇನ್ನೊಂದು ಊರಾಗಿತ್ತು.

ಆಕ್ಷೇಪಣೆ ಸಲ್ಲಿಸುವವರಲ್ಲಿ ಬಹುಪಾಲು ಜನ ತಂತಮ್ಮ ಸೈಟಿನ ಬಗ್ಗೆಯೇ ಬರೆಯುತ್ತಾರೆ, ಊರಿನ ಬಗ್ಗೆ ಯೋಚಿಸುವುದಿಲ್ಲ ಎಂದು ಅಧಿಕಾರಿಗಳು ಗೊಣಗುವುದುಂಟು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ನನ್ನ ಅಡುಗೆಮನೆಯ ಮೇಲೆ 80 ಅಡಿ ರಸ್ತೆ ಎಳೆದಿದ್ದೀರಿ ಎಂದು ಒಬ್ಬಳು ಬರೆದರೆ ಅದು ಸ್ವಾರ್ಥವೂ ಹೌದು, ನಕಾಶೆಯ ತಪಾಸಣೆಯೂ ಹೌದು. ಮುಂಬೈಯಲ್ಲಿ ಆದದ್ದು ಇದೇ. 2015ರ ಫೆಬ್ರುವರಿಯಲ್ಲಿ ಅಲ್ಲಿನ ಪಾಲಿಕೆ 2034ರವರೆಗಿನ ಅಭಿವೃದ್ಧಿ ಯೋಜನೆಯ ಕರಡನ್ನು ಬಿಡುಗಡೆ ಮಾಡಿತು. ನಿಂತ ಕಟ್ಟಡಗಳ ಮೇಲೇ ರಸ್ತೆ, ಪಾರಂಪರಿಕ ಕಟ್ಟಡಗಳಿಗೆ ತಪ್ಪು ಗುರುತು, ಆರೆ ಕಾಲೊನಿಯ ಹಸಿರನ್ನು ಕಟ್ಟಡಗಳಿಗೆ ತೆರೆದಿಡುವ ಪ್ರಸ್ತಾವ. ಜನ ತಂತಮ್ಮ ಓಣಿಯನ್ನು ಹುಡುಕಿ ಹುಡುಕಿ ತಪ್ಪು ತೆಗೆದರು. 60 ಸಾವಿರಕ್ಕೂ ಹೆಚ್ಚು ಆಕ್ಷೇಪಣೆ. ಏಪ್ರಿಲಿನಲ್ಲಿ ಮುಖ್ಯಮಂತ್ರಿಯೇ ಕರಡನ್ನು ರದ್ದುಗೊಳಿಸಿ ಮತ್ತೆ ಮಾಡಿ ಎಂದರು. ಮರುವರ್ಷ ಪರಿಷ್ಕೃತ ಕರಡು ಬಂತು, 2018ರಲ್ಲಿ ಯೋಜನೆ ಜಾರಿಗೆ ಬಂತು. ಅಲ್ಲಿನ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಆರೆಯ ಮರಗಳು 2019ರಲ್ಲಿ ಮೆಟ್ರೊ ಶೆಡ್ಡಿಗಾಗಿ ಬಿದ್ದದ್ದು ಎಲ್ಲರಿಗೂ ಗೊತ್ತು. ಆದರೆ ಮಹಾರಾಷ್ಟ್ರದ ಕಾಯ್ದೆ ಆಕ್ಷೇಪಣೆ ಸಲ್ಲಿಸಿದವರಿಗೆ ಸಮಿತಿಯೊಂದರ ಮುಂದೆ ಕುಳಿತು ಮಾತಾಡುವ ಅವಕಾಶ ಕೊಡುತ್ತದೆ. ನಮ್ಮ 13ನೇ ಕಲಮು ಪ್ರಾಧಿಕಾರ ಆಕ್ಷೇಪಣೆಗಳನ್ನು ‘ಪರಿಗಣಿಸಬೇಕು’ ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಕರೆದು ಕೇಳಬೇಕೆಂದಾಗಲಿ, ಒಪ್ಪಲಿಲ್ಲವಾದರೆ ಏಕೆಂದು ಬರೆದು ತಿಳಿಸಬೇಕೆಂದಾಗಲಿ ಅಲ್ಲಿ ಇಲ್ಲ. ನಮ್ಮ ಇಡೀ ತೊಂದರೆ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ. ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದವನಿಗೆ ಅದೇ ಕೊನೆಯ ಉತ್ತರ.

ಉತ್ತರ ಕೊಡುವ ಹೊಣೆ ಇಲ್ಲದಿದ್ದಾಗ ಅಭಿಪ್ರಾಯ ಸಂಗ್ರಹ ಎಣಿಕೆಯ ಆಟವಾಗುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಗೆ ಜನರ ಬೆಂಬಲವಿದೆ ಎಂದು ಬಿಡಿಎ ಹೇಳಿತು. ಆಧಾರ? ಬಂದ 299 ಪ್ರತಿಕ್ರಿಯೆಗಳಲ್ಲಿ ಶೇ 73 ಪರವಾಗಿದ್ದವಂತೆ. 80 ಲಕ್ಷ ಮೀರಿದ ಊರಿಗೆ 299. ಅದೇ ವರ್ಷ ಅಕ್ಟೋಬರಿನಲ್ಲಿ ಸಾವಿರಾರು ಮಂದಿ ‘ಬೇಡ’ ಎಂದು ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಸಭೆಯಲ್ಲಿ ಕೇಳಿಸಿಕೊಳ್ಳದ್ದನ್ನು ಬೀದಿಯಲ್ಲಿ ಕೇಳಿಸಿಕೊಳ್ಳಬೇಕಾಯಿತು.

ಇನ್ನು ಮಹಾಯೋಜನೆ ಹೆಬ್ಬಾಗಿಲಾದರೆ ಅದರ ಹಿಂದೊಂದು ಹಿತ್ತಲ ಬಾಗಿಲಿದೆ: ಅದೇ ಕಾಯ್ದೆಯ 14ಎ ಕಲಮು. ಮಹಾಯೋಜನೆ ಅಂತಿಮವಾದ ಮೇಲೂ ಒಂದೊಂದೇ ಸರ್ವೆ ನಂಬರಿನ ಭೂ ಉಪಯೋಗವನ್ನು ಬದಲಿಸಲು ದಾರಿ ಇದು. ಇದಕ್ಕೆ ಬೇಕಾದದ್ದು ದಿನಪತ್ರಿಕೆಯಲ್ಲೊಂದು ಪ್ರಕಟಣೆ, ಆಕ್ಷೇಪಣೆಗೆ ಕನಿಷ್ಠ 15 ದಿನ. ಟೆಂಡರ್ ನೋಟಿಸುಗಳ ನಡುವೆ ಇರುವೆಯಕ್ಷರದಲ್ಲಿ ಅದನ್ನು ನೀವೂ ನೋಡಿರುತ್ತೀರಿ: ಇಂಥ ಹೋಬಳಿ, ಇಂಥ ಗ್ರಾಮ, ಇಷ್ಟು ಎಕರೆ ಇಷ್ಟು ಗುಂಟೆ, ಕೃಷಿಯಿಂದ ವಸತಿಗೆ. ಆ ಹದಿನೈದು ದಿನದಲ್ಲಿ ಪಕ್ಕದ ಕೆರೆಯ ನೀರು ಎಲ್ಲಿಂದ ಬರುತ್ತದೆಂದು ಗೊತ್ತಿರುವ ನೀರಗಂಟಿಗೆ ಪತ್ರಿಕೆ ಸಿಕ್ಕೀತೇ, ಸಿಕ್ಕರೂ ಆ ಮೂಲೆ ಕಂಡೀತೇ? ಮಹಾಯೋಜನೆಯ ಕರಡಿಗೆ ಸಾವಿರಗಟ್ಟಲೆ ಪತ್ರ ಬರೆಯುವ ನಾವು ಈ ಸಣ್ಣ ಪ್ರಕಟಣೆಗಳಿಗೆ ಒಂದು ಸಾಲೂ ಬರೆಯುವುದಿಲ್ಲ. ಊರು ಬದಲಾಗುವುದೋ ಬಹಳಮಟ್ಟಿಗೆ ಈ ಗುಂಟೆ ಲೆಕ್ಕದಲ್ಲೇ.

ಯೋಜನೆ ಮಾಡುವವರು ಯಾರು ಎಂಬುದೂ ಹಳೆಯ ಜಗಳ. ಸಂವಿಧಾನದ 74ನೇ ತಿದ್ದುಪಡಿ ಪಟ್ಟಣ ಯೋಜನೆಯನ್ನು ಚುನಾಯಿತ ಸಂಸ್ಥೆಗಳ ಪಟ್ಟಿಗೆ ಸೇರಿಸಿತು. ಮಹಾನಗರ ಯೋಜನಾ ಸಮಿತಿಯಲ್ಲಿ ಮೂರನೇ ಎರಡರಷ್ಟು ಸದಸ್ಯರು ಕಾರ್ಪೊರೇಟರುಗಳು, ಪಂಚಾಯಿತಿ ಅಧ್ಯಕ್ಷರ ನಡುವಿನಿಂದ ಆಯ್ಕೆಯಾಗಬೇಕು ಎಂದಿತು. ಬಿಡಿಎಗೆ ಈ ಕೆಲಸ ಏಕೆ ಎಂದು ನಾಗರಿಕ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದವು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆಯ್ಕೆಯಾಗಬೇಕಾದ ಕಾರ್ಪೊರೇಟರುಗಳೇ ಇಲ್ಲದಿದ್ದರೆ ಸಮಿತಿ ಎಲ್ಲಿಂದ ಬಂತು? 2025ರಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಕೂತಿದೆ. ಮುಂದಿನ ಮಹಾಯೋಜನೆಯ ಭಾರ ಈಗ ಅದರ ಹೆಗಲಿಗೆ.

ಆ ಕರಡೂ ಒಂದು ದಿನ ಬರುತ್ತದೆ. ಬಂದಾಗ ವಾರ್ಡ್ ಕಚೇರಿಯ ಗೋಡೆಯ ಮೇಲೆ ಆಯಾ ವಾರ್ಡಿನ ನಕಾಶೆಯನ್ನಾದರೂ ಕನ್ನಡದಲ್ಲಿ, ಬೀದಿಗಳ ಹೆಸರಿನೊಂದಿಗೆ ದೊಡ್ಡದಾಗಿ ಅಂಟಿಸಲಿ. ಹಳೆಯ ಗ್ರಾಮನಕ್ಷೆಯ ಗುಂಡುತೋಪು, ಗೋಮಾಳ, ರಾಜಕಾಲುವೆಗಳು ಅದರಲ್ಲಿ ಕಾಣಲಿ. ಪ್ರತಿ ಆಕ್ಷೇಪಣೆಗೂ ಒಂದು ಸಂಖ್ಯೆ, ಅದರೆದುರಿಗೆ ಒಪ್ಪಿದೆಯೋ ಇಲ್ಲವೋ, ಏಕೆ ಎಂಬ ಒಂದು ಸಾಲು ಇರುವ ಪಟ್ಟಿ ಪ್ರಕಟವಾಗಲಿ. ಇದಕ್ಕೆ ಕಾಯ್ದೆಯ ತಿದ್ದುಪಡಿಯನ್ನು ಕಾಯಬೇಕಿಲ್ಲ, ಪ್ರಾಧಿಕಾರ ಮನಸ್ಸು ಮಾಡಿದರೆ ಸಾಕು. ಅದಕ್ಕೂ ಮೊದಲು ಅದು ಹೇಳಬೇಕಾದ ಒಂದು ವಿಷಯವಿದೆ: 2017ರ ಕರಡಿಗೆ ಬಂದು ಬಿದ್ದಿರುವ ಆಕ್ಷೇಪಣೆಗಳನ್ನು ಹೊಸ ಕರಡು ಬರೆಯುವವರು ಓದುತ್ತಾರೆಯೇ, ಇಲ್ಲ ಅಷ್ಟೂ ಜನ ಮತ್ತೊಮ್ಮೆ ಬರೆಯಬೇಕೆ?