ಗೋಕಾಕದಿಂದ ವಿಕ್ಟೋರಿಯಾ ಫಾಲ್ಸ್‌ಗೆ: ರೊಕ್ಕದ ಲೆಕ್ಕ

ನಮ್ಮ ಗೋಕಾಕ ಫಾಲ್ಸ್ 52 ಮೀಟರ್ ಎತ್ತರ ಐತಿ. ಆಫ್ರಿಕಾದಾಗ ಜಿಂಬಾಬ್ವೆ, ಜಾಂಬಿಯಾ ಗಡಿಮ್ಯಾಲಿನ ವಿಕ್ಟೋರಿಯಾ ಫಾಲ್ಸ್ 108! ಮಳಿಗಾಲದಾಗ ನಮ್ಮ ತೂಗುಸೇತುವೆ ಹಂತ್ಯಾಕ ನಿಂತು ಮಾರಿಗೆ ತುಂತುರು ಬಡಿಸ್ಕೊಂಡವರಿಗೆ ಅದನ್ನೂ ನೋಡೂ ಆಸೆ ಹುಟ್ಟೂದ.

ಭಾರೀ ಲಾಡ್ಜೂ ಬ್ಯಾಡ, ಡಾರ್ಮಿಟರಿನೂ ಬ್ಯಾಡ, ನಡುವಿನ ಖರ್ಚಿನ್ಯಾಗ ಹೋಗಿ ಬರೂಣು ಅಂದ್ರ ಮೊದಲ ತಿಂಗಳು ಆರಿಸ್ರಿ. ನಮ್ಮ ಘಟಪ್ರಭಾ ತುಂಬೂದು ಜುಲೈ, ಆಗಸ್ಟ್‌ನ್ಯಾಗ. ಅಲ್ಲಿ ಜಾಂಬೆಜಿ ಹೊಳಿ ತುಂಬೂದು ಏಪ್ರಿಲ್ ಸುಮಾರಿಗೆ. ಅಕ್ಟೋಬರ್, ನವೆಂಬರ್‌ನ್ಯಾಗ ಸೋವಿ ಸಿಕ್ತು ಅಂತ ಹೋದ್ರ ಜಾಂಬಿಯಾ ಕಡೆ ಬರೇ ಬಂಡೆಗಲ್ಲು ನೋಡಿ ಬರಬೇಕಾದೀತು. ಮೂಡಲಗಿ, ಹುಕ್ಕೇರಿ ರೈತರಿಗೆ ಏಪ್ರಿಲ್ ಆದ ಮ್ಯಾಲೆ ಹೋಗೂದ ಅನುಕೂಲ. ಅಷ್ಟೊತ್ತಿಗೆ ಕಬ್ಬು ಕಾರ್ಖಾನೆಗೆ ಹೋಗಿ ಆಗಿರತೈತಿ.

ದೊಡ್ಡ ಖರ್ಚು ವಿಮಾನದ್ದು. ಘಟಪ್ರಭಾ ಸ್ಟೇಷನ್‌ನ್ಯಾಗ ರೈಲು ಹತ್ತಿ ಮುಂಬೈ, ಅಲ್ಲಿಂದ ಅಡಿಸ್ ಅಬಾಬಾ ಇಲ್ಲಾ ನೈರೋಬಿ ಮ್ಯಾಲೆ ಹಾದು ಹೋಗಬಹುದು. ಈ ದಾರಿ ಹಿಡಿಯಾವ್ರು ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲ ಹಾಕಿಸ್ಕೋರಿ. ಕಾರ್ಡ್ ಇಲ್ಲಂದ್ರ ತಿರುಗಿ ಬಂದಾಗ 6 ದಿನದ ತನಕ ಕ್ವಾರಂಟೈನ್‌ನ್ಯಾಗ ಇಡಬಹುದು.

ಜಿಂಬಾಬ್ವೆದಾಗ ಎಟಿಎಂ ನಂಬಿ ಹೋಗಬ್ಯಾಡ್ರಿ. ಅಲ್ಲಿ ಡಾಲರ್ ನಡೀತೈತಿ, ಆದ್ರ ಚಿಲ್ಲರೆ ಸಿಗೂದು ಕಷ್ಟ. 1, 5, 10 ಡಾಲರಿನ ಸ್ವಚ್ಛ ನೋಟು ಇಲ್ಲಿಂದನ ಒಯ್ರಿ. ಹರಿದದ್ದು, ಗೀಚಿದ್ದು ಬ್ಯಾಡ. ಗಡಿಮ್ಯಾಲಿನ 1905ರ ಸೇತುವೆ ದಾಟಿ ಜಾಂಬಿಯಾ ಕಡೆ ನೋಡಬೇಕಂದ್ರ ಎರಡೂ ದೇಶದ ವೀಸಾ, ಎರಡೂ ಕಡೆ ಟಿಕೆಟ್ ಲೆಕ್ಕಾ ಹಿಡೀರಿ.

ಒಟ್ಟು ರೊಕ್ಕದಾಗ ಐದರಾಗ ಒಂದು ಪಾಲು ಅಡಚಣಿಗೆ ಅಂತ ಮುಟ್ಟದ ಇಡ್ರಿ. ಮತ್ತ ಚೀಲದಾಗ ಒಂದು ಡಬ್ಬಿ ಕರದಂಟು ಇರ್ಲಿ. ಅಂಟು, ಬೆಲ್ಲ, ಬದಾಮಿ, ವಾರಗಟ್ಟಲೆ ಕೆಡಂಗಿಲ್ಲ.