‘ಬಾರಾನ್’ ಕೇಳೋಕೆ ಉರ್ದು ಬರಬೇಕಾ? ಬೀದರ್‌ನಿಂದ ಒಂದು ಉತ್ತರ

ಬೆಂಗಳೂರಿನ ‘ಪರ್ವಾಝ್’ ಬ್ಯಾಂಡ್ 2014ರಲ್ಲಿ ತನ್ನ ಮೊದಲ ಪೂರ್ಣ ಆಲ್ಬಮ್ ‘ಬಾರಾನ್’ ಹೊರತಂದಿತು. ಗಾಯಕ ಖಾಲಿದ್ ಅಹಮದ್, ಗಿಟಾರ್ ವಾದಕ ಮೀರ್ ಕಾಶಿಫ್ ಇಕ್ಬಾಲ್ ಕಾಶ್ಮೀರದಿಂದ ಬಂದವರು. ಡ್ರಮ್ಸ್ ಸಚಿನ್ ಬಾನಂದೂರು, ಬೇಸ್ ಫಿಡೆಲ್ ಡಿಸೋಜ. ಹಾಡೋದು ಉರ್ದು, ಕಾಶ್ಮೀರಿಯಲ್ಲಿ. ಬೀದರ್‌ನ ಕನ್ನಡಿಗನಾದ ನಾನು ಇದನ್ನು ಕರ್ನಾಟಕದ ಆಲ್ಬಮ್ ಅನ್ನಬಹುದಾ? ಅನ್ನಲೇಬೇಕು ಎಂಬುದು ನನ್ನ ವಾದ.

ಮೊದಲು ಸಂಗೀತದ ಮಾತು. ‘ಆಂಬಿಯೆಂಟ್’ ಅಂದ್ರೆ ಹಾಡಿನ ಸಾಲಿಗಿಂತ ವಾತಾವರಣ ಮುಖ್ಯವಾದ ಸಂಗೀತ. 1978ರಲ್ಲಿ ಬ್ರಯಾನ್ ಈನೊ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ ಮೂಲಕ ಆ ಹೆಸರನ್ನು ನೆಲೆಗೊಳಿಸಿದರು. ರಾಕ್ ಬ್ಯಾಂಡ್‌ಗಳು ಈ ಗುಣವನ್ನು ಗಿಟಾರ್‌ಗೆ ತಂದವು: ‘ಡಿಲೇ’ ಒಂದು ಸ್ವರವನ್ನು ಮತ್ತೆ ಮತ್ತೆ ಮರಳಿಸುತ್ತೆ, ‘ರಿವರ್ಬ್’ ಅದನ್ನು ದೊಡ್ಡ ಗುಮ್ಮಟದೊಳಗೆ ನುಡಿಸಿದಂತೆ ಹಬ್ಬಿಸುತ್ತೆ. ‘ಬಾರಾನ್’ ಪೂರ್ತಿ ಆಂಬಿಯೆಂಟ್ ಅಲ್ಲ. ಅದರಲ್ಲಿ ಬ್ಲೂಸ್ ಇದೆ, ಸೈಕೆಡೆಲಿಕ್ ರಾಕ್ ಇದೆ. ಆದರೆ ಹಾಡು ಅವಸರ ಮಾಡೋದಿಲ್ಲ. ನಿಧಾನಕ್ಕೆ ಮೋಡ ಕಟ್ಟಿ, ಆಮೇಲೆ ಸುರಿಯುತ್ತೆ. ಏಕತಾರಿ ತತ್ವಪದ ಕೇಳಿ ಬೆಳೆದ ಕಿವಿಗೆ ಇದು ಹೊಸದೇನಲ್ಲ. ಅಲ್ಲೂ ಅರ್ಥಕ್ಕಿಂತ ಮೊದಲು ನಾದ ಬರುತ್ತೆ.

‘ಬಾರಾನ್’ ಅಂದ್ರೆ ಪರ್ಷಿಯನ್‌ನಲ್ಲಿ ಮಳೆ. ಬೀದರ್‌ನ ನೆಲದಡಿ ನೀರು ಹರಿಸುವ ‘ಕರೇಜ್’ ಕೂಡ ಪರ್ಷಿಯಾದ ತಂತ್ರ, ಅಲ್ಲಿಯದೇ ಹೆಸರು. 1472ರ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಅಲ್ಲಿಂದಲೇ ಬಂದವನು. ನಾವು ಹೋರಾಟದಲ್ಲಿ ಕೂಗುವ ‘ಜಿಂದಾಬಾದ್’, ತಹಶೀಲ್ದಾರರಿಗೆ ಕೊಡುವ ‘ಅರ್ಜಿ’ ಎಲ್ಲಿಂದ ಬಂದವು ಅಂತ ಯಾರೂ ಕೇಳೋದಿಲ್ಲ.

ಹಾಗಂತ ಇಲ್ಲಿ ಉರ್ದುವಿನ ಬಗ್ಗೆ ಗಾಯವೇ ಇಲ್ಲ ಅನ್ನೋದು ಸುಳ್ಳು. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಶಾಲೆ ಎರಡರಲ್ಲೂ ಉರ್ದುವಿನದೇ ದರ್ಬಾರು. ಆಗ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಭಾಲ್ಕಿಯ ಚನ್ನಬಸವ ಪಟ್ಟದ್ದೇವರು. ಅದು ನಮ್ಮ ಹೆಮ್ಮೆ. ಆದರೆ ಅವರು ಎದುರಿಸಿದ್ದು ಒಂದು ಪ್ರಭುತ್ವದ ಭಾಷಾ ನೀತಿಯನ್ನು, ನೆರೆಮನೆಯವರ ಮಾತನ್ನಲ್ಲ. ಔರಾದ್ ಸಂತೆಯಲ್ಲಿ ಇವತ್ತಿಗೂ ಒಂದೇ ವ್ಯಾಪಾರ ಕನ್ನಡ, ಮರಾಠಿ, ದಖನಿ ಮೂರರಲ್ಲೂ ನಡೀತದ.

ಈ ವ್ಯತ್ಯಾಸ ಮರೆತರೆ ಏನಾಗುತ್ತೆ ಅಂತ ಬೆಂಗಳೂರು ನೋಡಿದೆ. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದಲ್ಲಿ ಕೆಲವೇ ನಿಮಿಷಗಳ ಉರ್ದು ವಾರ್ತೆ ಶುರುವಾಗಿದ್ದಕ್ಕೆ ಗಲಭೆ ಎದ್ದಿತು. 20ಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ 20 ವರ್ಷಕ್ಕೆ ಅದೇ ಊರಿನಿಂದ ‘ಬಾರಾನ್’ ಬಂತು. ಇದರಿಂದ ಗಾಯ ವಾಸಿಯಾಯ್ತು ಅಂತಲ್ಲ. ಕನ್ನಡ ಹೆಸರಿನ ಡ್ರಮ್ಮರ್ ಒಬ್ಬ ಕಾಶ್ಮೀರಿ ದನಿಗೆ ತಾಳ ಹಿಡಿಯಬಲ್ಲ ಜಾಗ ಕರ್ನಾಟಕದಲ್ಲಿ ಉಳಿದಿದೆ ಅಂತ, ಅಷ್ಟೆ.

ಹೇರಿಕೆ ಬಂದಾಗ ಎದುರಿಸೋಣ, ಹಿಂದಿಯಾಗಲಿ, ಇನ್ನೊಂದಾಗಲಿ. ಆದರೆ ಹೇರಿಕೆ ಸುತ್ತೋಲೆಯಲ್ಲಿ ಬರುತ್ತೆ, ಪರೀಕ್ಷೆಯಲ್ಲಿ ಬರುತ್ತೆ, ಬ್ಯಾಂಕಿನ ಚಲನ್‌ನಲ್ಲಿ ಬರುತ್ತೆ. ಹಾಡು ಬೇಡ ಅನಿಸಿದರೆ ನಿಲ್ಲಿಸಬಹುದು. ಆ ಸ್ವಾತಂತ್ರ್ಯ ಇರುವ ಕಡೆ ಭಯ ಯಾಕೆ? ಮೊದಲು ಕೇಳಿ. ಅರ್ಥ ಬೇಕಾದರೆ ಪಕ್ಕದ ಮನೆಯವರನ್ನು ಕೇಳಿದರಾಯ್ತು. ಬೀದರ್‌ನಲ್ಲಿ ಅಂಥ ಪಕ್ಕದ ಮನೆ ಎಲ್ಲರಿಗೂ ಇದೆ.