ಕರಡಿಗೆ ದಾರಿ ಬಿಡಿಸುವ ಕೆಲಸ

ಅಲಾಸ್ಕಾದ ಬ್ರೂಕ್ಸ್ ಕ್ಯಾಂಪಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಕಿಂಗ್ ಸಾಲ್ಮನ್ ಎಂಬ ಪುಟ್ಟ ಊರಿನಿಂದ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ ಹತ್ತಬೇಕು, ಇಲ್ಲವೇ ನ್ಯಾಕ್‌ನೆಕ್ ಸರೋವರವನ್ನು ದೋಣಿಯಲ್ಲಿ ದಾಟಬೇಕು. ದಡಕ್ಕೆ ಇಳಿದವರನ್ನು ಎದುರುಗೊಳ್ಳುವವರು ರೇಂಜರ್‌ಗಳು. ಕೊಠಡಿ, ಊಟ, ಜಲಪಾತ ಎಲ್ಲ ಆಮೇಲೆ, ಮೊದಲು ಕರಡಿ ಪಾಠ. ಎಷ್ಟು ದುಡ್ಡು ಕೊಟ್ಟು ಬಂದವರಾದರೂ, ಎಷ್ಟು ಕಾಡು ಸುತ್ತಿದವರಾದರೂ ಈ ಪಾಠ ತಪ್ಪಿಸುವಂತಿಲ್ಲ. ಕೇಳಿ ಮುಗಿಸಿದವರಿಗೆ ಒಂದು ಪುಟ್ಟ ಬ್ಯಾಡ್ಜ್ ಸಿಗುತ್ತದೆ.

ಪಾಠದಲ್ಲಿ ಇರುವುದು ಕೆಲವೇ ಮಾತು. ತಿಂಡಿ ಪೊಟ್ಟಣವನ್ನು ಚೀಲದಲ್ಲಿ ಹೊತ್ತು ಕಾಡುಹಾದಿಯಲ್ಲಿ ತಿರುಗುವಂತಿಲ್ಲ. ಗೊತ್ತುಪಡಿಸಿದ ಜಾಗ ಬಿಟ್ಟರೆ ಬೇರೆಲ್ಲೂ ಬರಿಯ ನೀರಿನ ಹೊರತು ಏನನ್ನೂ ಬಾಯಿಗೆ ಹಾಕುವಂತಿಲ್ಲ. ನಡೆಯುವಾಗ ಮಾತಾಡುತ್ತಲೋ ಚಪ್ಪಾಳೆ ತಟ್ಟುತ್ತಲೋ ಸಾಗಬೇಕು, ತಿರುವಿನಲ್ಲಿ ಮಲಗಿರುವ ಕರಡಿ ಬೆಚ್ಚಿಬೀಳಬಾರದು. ಎದುರಾದರೆ ಓಡಬಾರದು, ಮೆಲ್ಲಗೆ ಹಿಂದೆ ಸರಿದು ದಾರಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕರಡಿಗೂ 50 ಗಜಕ್ಕಿಂತ, ಅಂದರೆ 150 ಅಡಿಗಿಂತ, ಹತ್ತಿರ ಹೋಗುವಂತಿಲ್ಲ.

ರೇಂಜರ್‌ನ ದಿನದ ಬಹುಪಾಲು ಈ 150 ಅಡಿಯನ್ನು ಕಾಯುವುದರಲ್ಲೇ ಕಳೆದುಹೋಗುತ್ತದೆ. ಬ್ರೂಕ್ಸ್ ಕ್ಯಾಂಪ್ ಇರುವ ಕಾಟ್ಮೈ ರಾಷ್ಟ್ರೀಯ ಉದ್ಯಾನದ ವಿಸ್ತಾರ 16,000 ಚದರ ಕಿಲೋಮೀಟರಿಗೂ ಹೆಚ್ಚು. ಅದರೊಳಗೆ ಸುಮಾರು 2,200 ಕಂದು ಕರಡಿಗಳು, 14 ಜೀವಂತ ಜ್ವಾಲಾಮುಖಿಗಳು. ಆದರೆ ಮನುಷ್ಯರೂ ಕರಡಿಗಳೂ ಒಟ್ಟಿಗೆ ಬಂದು ಸೇರುವುದು ಎರಡೂವರೆ ಕಿಲೋಮೀಟರ್ ಕೂಡ ಇಲ್ಲದ ಬ್ರೂಕ್ಸ್ ನದಿಯ ಅಕ್ಕಪಕ್ಕದಲ್ಲಿ. ಎರಡು ಸರೋವರಗಳ ನಡುವೆ ಹರಿಯುವ ಈ ನದಿಯಲ್ಲಿ ಆರಡಿ ಎತ್ತರದ ಒಂದು ಜಲಪಾತವಿದೆ. ಬ್ರಿಸ್ಟಲ್ ಕೊಲ್ಲಿಯಿಂದ ಮೊಟ್ಟೆಯಿಡಲು ಹೊರಟ ಸಾಕೈ ಸಾಲ್ಮನ್ ಮೀನುಗಳು ಜುಲೈ ತಿಂಗಳಲ್ಲಿ ಅದನ್ನು ಜಿಗಿದು ದಾಟಬೇಕು. ವರ್ಷದ ಅರ್ಧ ಭಾಗವನ್ನು ಗುಹೆಯಲ್ಲಿ ನಿದ್ರಿಸಿ, ಮೈತೂಕದ ಮೂರನೇ ಒಂದು ಪಾಲಿನವರೆಗೂ ಕಳೆದುಕೊಂಡು ಎದ್ದುಬಂದ ಕರಡಿಗೆ ಆ ಆರಡಿಯ ನೀರೇ ಬದುಕು. ಒಳ್ಳೆಯ ದಿನ ಒಂದು ದೊಡ್ಡ ಕರಡಿ 30ಕ್ಕೂ ಹೆಚ್ಚು ಮೀನು ತಿನ್ನುತ್ತದೆ. ಮೀನು ಹೇರಳವಾದಾಗ ಅದು ಮಾಂಸವನ್ನು ಬಿಟ್ಟು ಕೊಬ್ಬು ಹೆಚ್ಚಿರುವ ಚರ್ಮ, ಮಿದುಳು, ಮೊಟ್ಟೆಗಳನ್ನಷ್ಟೇ ಆರಿಸಿ ತಿನ್ನುತ್ತದೆ. ಉಳಿದದ್ದು ಕಡಲಹಕ್ಕಿಗಳಿಗೂ ಚಿಕ್ಕ ಕರಡಿಗಳಿಗೂ ಸಲ್ಲುತ್ತದೆ.

ಇಂಥ ಹೊಳೆಯ ಬಾಯಲ್ಲಿ ಮನುಷ್ಯರ ಸೇತುವೆ ಇದೆ. ಹಿಂದೆ ಅದು ನೀರಿನ ಮೇಲೆ ತೇಲುವ ಸೇತುವೆಯಾಗಿತ್ತು. ತಾಯಿ ಕರಡಿಯೊಂದು ಮರಿಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಅದರ ತುದಿಯಲ್ಲಿ ಮಲಗಿತೆಂದರೆ ಆಯಿತು, ಈಚೆಯವರು ಈಚೆ, ಆಚೆಯವರು ಆಚೆ. ರೇಂಜರ್‌ಗಳು ಇದನ್ನು ‘ಬೇರ್ ಜಾಮ್’ ಎನ್ನುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರ ಚಡಪಡಿಕೆ ಇಲ್ಲೂ ಕಾಣುತ್ತದೆ: ವಿಮಾನ ತಪ್ಪುತ್ತದೆ, ಊಟದ ಹೊತ್ತು ಮೀರುತ್ತದೆ, ಮಳೆ ಸುರಿಯುತ್ತದೆ. ಆದರೆ ಕರಡಿಯನ್ನು ಎಬ್ಬಿಸುವ ಮಾತೇ ಇಲ್ಲ. ರೇಂಜರ್ ವಾಕಿಟಾಕಿಯಲ್ಲಿ ಆಚೆ ದಡದ ಸಹೋದ್ಯೋಗಿಯೊಂದಿಗೆ ಮಾತಾಡುತ್ತಾ, ಜನರನ್ನು ಗುಂಪುಗೂಡಿಸಿ ಹಿಂದೆ ಸರಿಸುತ್ತಾ, ಅದು ತಾನಾಗಿ ಎದ್ದು ಹೋಗುವವರೆಗೆ ನಿಲ್ಲುತ್ತಾರೆ. 2019ರಲ್ಲಿ ಕಂಬಗಳ ಮೇಲೆ ಎತ್ತರದ ಹೊಸ ಸೇತುವೆ ಬಂತು. ಈಗ ಕರಡಿಗಳು ಅದರ ಕೆಳಗೆ ಓಡಾಡುತ್ತವೆ. ಆದರೂ ಸೇತುವೆಗೆ ಸೇರುವ ಹಾದಿಗಳಲ್ಲಿ ಜಾಮ್ ತಪ್ಪಿಲ್ಲ.

ಗಾಳ ಹಾಕಲು ಬಂದವರ ಮೇಲೆ ಕಣ್ಣಿಡುವುದೂ ಇವರದೇ ಕೆಲಸ. ಗಾಳಕ್ಕೆ ಮೀನು ಸಿಕ್ಕು ಒದ್ದಾಡುತ್ತಿರುವಾಗ ಕರಡಿ ಹತ್ತಿರ ಬಂದರೆ ದಾರವನ್ನು ಆ ಕ್ಷಣವೇ ಕಡಿಯಬೇಕು. ಗಾಳ ಹಿಡಿದ ಮನುಷ್ಯ ನಿಂತಲ್ಲಿ ಸುಲಭದ ಮೀನು ಸಿಗುತ್ತದೆಂದು ಕರಡಿಯೊಂದು ಒಮ್ಮೆ ಕಲಿತರೆ ಅದು ಮರೆಯುವುದಿಲ್ಲ, ಮರಿಗಳಿಗೂ ಕಲಿಸುತ್ತದೆ. ಕಷ್ಟಪಟ್ಟು ಹಿಡಿದ ದೊಡ್ಡ ಮೀನನ್ನು ಬಿಟ್ಟುಕೊಡಲು ಒಪ್ಪದವರ ಜೊತೆ ಸಮಾಧಾನದಿಂದ, ಆದರೆ ಖಡಾಖಂಡಿತವಾಗಿ ಮಾತಾಡುವುದು ಕರಡಿಯ ಎದುರು ನಿಲ್ಲುವುದಕ್ಕಿಂತ ಕಷ್ಟದ ಕೆಲಸವಿದ್ದೀತು.

ಈ ಉದ್ಯಾನ ಹುಟ್ಟಿದ್ದು ಕರಡಿಗಳಿಗಾಗಿ ಅಲ್ಲ, ಹೊಗೆಗಾಗಿ.

1912ರ ಜೂನ್ 6ರಂದು ಇಲ್ಲಿ ನೆಲ ಬಿರಿಯಿತು. ಸುಮಾರು 60 ಗಂಟೆ ನಡೆದ ಆ ಸ್ಫೋಟ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟ. ಭೂಗರ್ಭದಿಂದ ಹೊರಬಿದ್ದ ಶಿಲಾಪಾಕ ಸುಮಾರು 13 ಘನ ಕಿಲೋಮೀಟರ್. 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಉಗುಳಿದ್ದರ 30 ಪಟ್ಟು. ಜಲಸಂಧಿಯ ಆಚೆ, 160 ಕಿಲೋಮೀಟರಿಗೂ ದೂರದ ಕೊಡಿಯಾಕ್ ಪಟ್ಟಣದಲ್ಲಿ ಎರಡೂವರೆ ದಿನ ಹಗಲೇ ಆಗಲಿಲ್ಲ. ಚಾಚಿದ ಕೈಯಲ್ಲಿನ ಲಾಂದ್ರವೂ ಕಾಣುತ್ತಿರಲಿಲ್ಲ. ಕಾಟ್ಮೈ ಕರಾವಳಿಯ ಕಾಫ್ಲಿಯಾ ಕೊಲ್ಲಿಯಲ್ಲಿ ಮೀನು ಹಿಡಿಯುತ್ತಿದ್ದ ಇವಾನ್ ಓರ್ಲಾಫ್ ಎಂಬಾತ ಬೂದಿಯ ಮಳೆಯ ನಡುವೆ ಕುಳಿತು, ಇನ್ನು ಬದುಕುವ ಭರವಸೆಯಿಲ್ಲವೆಂದು ಹೆಂಡತಿಗೆ ಕಾಗದ ಬರೆದ. ಅವನು ಉಳಿದ. ಸ್ಫೋಟಕ್ಕೆ ನೇರವಾಗಿ ಸತ್ತವರ ದಾಖಲೆಯಿಲ್ಲ. ಆದರೆ ಕಾಟ್ಮೈ, ಸವೊನೊಸ್ಕಿ ಹಳ್ಳಿಗಳ ಜನ ತಲೆಮಾರುಗಳ ನೆಲ ಬಿಟ್ಟು ಹೊರಟರು, ಮತ್ತೆ ಹಿಂದಿರುಗಿ ನೆಲೆಸಲು ಆಗಲೇ ಇಲ್ಲ. ಬ್ರೂಕ್ಸ್ ನದಿಯ ದಡದಲ್ಲಿ ಮನುಷ್ಯರು 4,000 ವರ್ಷಗಳಿಗೂ ಹಿಂದಿನಿಂದ ಬಾಳಿದ್ದಕ್ಕೆ ಮಣ್ಣಿನಡಿ ಮನೆಗಳ ಕುರುಹುಗಳಿವೆ. ಪ್ರವಾಸಿಗರಿಗೆ ‘ಇದು ಮನುಷ್ಯರು ಕಾಲಿಡದ ಕಾಡು’ ಎನಿಸಿದಾಗ ರೇಂಜರ್‌ಗಳು ಆ ಮನೆಗಳ ಕುಳಿಗಳ ಬಳಿಗೆ ಕರೆದೊಯ್ಯುತ್ತಾರೆ, ಕರೆದೊಯ್ಯಲೇಬೇಕು. ಆ ಸ್ಫೋಟ ವಾಯುಮಂಡಲಕ್ಕೆ ಎಸೆದ ಗಂಧಕ ದೂರದ ಭಾರತದ ಮುಂಗಾರನ್ನೂ ಕುಗ್ಗಿಸಿರಬಹುದೆಂದು ಹವಾಮಾನ ವಿಜ್ಞಾನಿಗಳ ಕಂಪ್ಯೂಟರ್ ಮಾದರಿಗಳು ಸೂಚಿಸಿವೆ.

ಬೂದಿ ಬಿದ್ದ ನೆಲದಲ್ಲಿ ಗಿಡಗಳು ಮತ್ತೆ ಹೇಗೆ ಚಿಗುರುತ್ತವೆ ಎಂದು ನೋಡಲು ಬಂದವರು ಸಸ್ಯವಿಜ್ಞಾನಿ ರಾಬರ್ಟ್ ಗ್ರಿಗ್ಸ್. 1916ರಲ್ಲಿ ಅವರು ಕಾಟ್ಮೈ ಕಣಿವೆದಾರಿ ಏರಿ ಆಚೆ ನೋಡಿದಾಗ ಕಂಡದ್ದು ಉದ್ದಕ್ಕೂ ಆವಿ ಕಾರುತ್ತಿದ್ದ ಒಂದು ಬಯಲು. ಸುಮಾರು 100 ಚದರ ಕಿಲೋಮೀಟರ್ ಕಣಿವೆಯನ್ನು ಬಿಸಿ ಬೂದಿ ತುಂಬಿತ್ತು, ಕೆಲವೆಡೆ 200 ಮೀಟರ್ ಆಳ. ಅದಕ್ಕೆ ಅವರು ‘ಹತ್ತು ಸಾವಿರ ಹೊಗೆಗಳ ಕಣಿವೆ’ ಎಂದು ಹೆಸರಿಟ್ಟರು. ಮುಂದಿನ ವರ್ಷಗಳಲ್ಲಿ ಬಂದ ಅವರ ತಂಡ ಆವಿಯ ಬಿಲಗಳ ಮೇಲೆಯೇ ಅಡುಗೆ ಮಾಡಿತು; ಬಾಣಲೆ ಹಾರಿಹೋಗದಂತೆ ಒತ್ತಿ ಹಿಡಿಯಬೇಕಿತ್ತು. ಈ ಅದ್ಭುತವನ್ನು ಕಾಪಾಡಲೆಂದು 1918ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಕಾಟ್ಮೈಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು.

ಬೂದಿ ತಣಿಯಿತು, ಹೊಗೆ ಒಂದೊಂದಾಗಿ ಆರಿತು. 1931ರಲ್ಲಿ ಗಡಿ ಹಿಗ್ಗಿಸಿದಾಗ ಕರಡಿಗಳ ರಕ್ಷಣೆಯೂ ಕಾರಣಗಳ ಪಟ್ಟಿಗೆ ಸೇರಿತು. ಹಾಗಿದ್ದರೂ ಮೊದಲ ಮೂರು ದಶಕ ಇಲ್ಲಿ ನೆಲೆನಿಂತ ಒಬ್ಬ ರೇಂಜರ್ ಕೂಡ ಇರಲಿಲ್ಲ. 1950ರಲ್ಲಿ ವಿಮಾನ ಕಂಪನಿಯೊಂದು ಗಾಳದ ಮೋಜಿಗೆಂದು ಬ್ರೂಕ್ಸ್‌ನಲ್ಲಿ ಶಿಬಿರ ತೆರೆಯಿತು. ರೇಂಜರ್ ಬಂದದ್ದೂ ಆ ವರ್ಷವೇ. ಆಗ ಈ ಹೊಳೆಗೆ ಬರುತ್ತಿದ್ದ ಕರಡಿಗಳು ಕೆಲವೇ. ಆಮೇಲಿನ ದಶಕಗಳಲ್ಲಿ ಬೇಟೆ ನಿಂತು, ಮೀನು ಹೆಚ್ಚಿ, ಕರಡಿಗಳೂ ಹೆಚ್ಚಿದವು. ಇಂದು ಜನ ಬರುವುದು ಅವುಗಳನ್ನು ನೋಡಲು.

ಹಾಗೆಂದು ಬೆಂಕಿಬೆಟ್ಟಗಳು ಸುಮ್ಮನಾಗಿಲ್ಲ. ಕ್ಯಾಂಪಿನಿಂದ 37 ಕಿಲೋಮೀಟರಿನ ಒಂದು ಕಚ್ಚಾ ರಸ್ತೆ ಹೊಳೆಗಳನ್ನು ದಾಟುತ್ತಾ ಕಣಿವೆಯ ಅಂಚಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಜೊತೆ ಒಬ್ಬ ರೇಂಜರ್ ಹೋಗಿ ಜನರನ್ನು ಬಯಲಿಗಿಳಿಸುತ್ತಾರೆ. ಮೆತ್ತನೆಯ ಬೂದಿಕಲ್ಲನ್ನು ನದಿಗಳು ಕೊರೆದು ಮಾಡಿದ ಕಮರಿಗಳು, ಗುಲಾಬಿ, ಕಂದು, ಬಿಳಿ ಪದರಗಳು, ನೂರು ವರ್ಷ ಕಳೆದರೂ ಹೆಚ್ಚು ಹಸಿರಾಗದ ನೆಲ. 1965, 1966ರಲ್ಲಿ ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲೆ ಕಲ್ಲು ಗುರುತಿಸುವುದನ್ನು ಇಲ್ಲೇ ಅಭ್ಯಾಸ ಮಾಡಿದರು. ಗಾಳಿ ಜೋರಾದ ದಿನ 1912ರ ಬೂದಿಯೇ ಮತ್ತೆ ಮೇಲೆದ್ದು ಕೊಡಿಯಾಕ್ ಕಡೆಗೆ ಸಾಗುತ್ತದೆ, ವಿಮಾನಗಳಿಗೆ ಎಚ್ಚರಿಕೆ ಹೊರಡುತ್ತದೆ. ಪಕ್ಕದ ಟ್ರೈಡೆಂಟ್ ಪರ್ವತ 1953ರಿಂದ 1974ರವರೆಗೆ ಆಗಾಗ ಲಾವಾ ಕಾರಿತ್ತು. 2022ರ ಆಗಸ್ಟಿನಲ್ಲಿ ಅದರಡಿ ಸಣ್ಣ ಭೂಕಂಪಗಳ ಸರಣಿ ಶುರುವಾಗಿ ವಿಜ್ಞಾನಿಗಳ ಕಣ್ಣು ಅತ್ತ ನೆಟ್ಟಿತು.

ಓರ್ಲಾಫ್ ಕಾಗದ ಬರೆದ ಕಾಫ್ಲಿಯಾ ಕೊಲ್ಲಿಗೆ 2003ರ ಅಕ್ಟೋಬರಿನಲ್ಲಿ ಕಾಟ್ಮೈ ರೇಂಜರ್‌ಗಳು ಬಂದೂಕು ಹಿಡಿದು ಹೋಗಬೇಕಾಯಿತು. ಕರಡಿಪ್ರೇಮಿ ಟಿಮೊಥಿ ಟ್ರೆಡ್‌ವೆಲ್ 13 ಬೇಸಿಗೆಗಳನ್ನು ಕರಡಿಗಳ ನಡುವೆ ಕಳೆದಿದ್ದರು, ಅವುಗಳಿಗೆ ಹೆಸರಿಟ್ಟು, ಮುದ್ದಿನಿಂದ ಮಾತಾಡಿಸಿ, ಮುಟ್ಟುವಷ್ಟು ಹತ್ತಿರ ಹೋಗುತ್ತಿದ್ದರು. ಉದ್ಯಾನದ ಅಧಿಕಾರಿಗಳು ಎಚ್ಚರಿಸಿದ್ದರು. ಆ ಶರತ್ಕಾಲ ಅವರನ್ನೂ ಜೊತೆಗಿದ್ದ ಗೆಳತಿಯನ್ನೂ ಕರಡಿ ಕೊಂದಿತು. ಕರೆದೊಯ್ಯಲು ಬಂದ ಪೈಲಟ್ ಸುದ್ದಿ ಮುಟ್ಟಿಸಿದ. ಶವ ತರಲು ಹೋದವರತ್ತ ನುಗ್ಗಿದ ದೊಡ್ಡ ಗಂಡು ಕರಡಿಯನ್ನು ರೇಂಜರ್‌ಗಳು ಗುಂಡಿಟ್ಟು ಕೆಡವಿದರು, ಇನ್ನೊಂದು ಎಳೆಯ ಕರಡಿಯೂ ಸತ್ತಿತು. ಕಾಟ್ಮೈ ಉದ್ಯಾನದಲ್ಲಿ ಕರಡಿಯಿಂದ ಮನುಷ್ಯರು ಸತ್ತ ಮೊದಲ ದಾಖಲೆ ಅದು. ಟ್ರೆಡ್‌ವೆಲ್ ಅವರ ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ಆ ಪ್ರೀತಿಯ ಬೆಲೆಯನ್ನು ಎರಡು ಕರಡಿಗಳೂ ತೆತ್ತವು. ಬ್ರೂಕ್ಸ್‌ನ ದಡದಲ್ಲಿ ರೇಂಜರ್ ಹೇಳುವ 150 ಅಡಿಯ ಲೆಕ್ಕ ಕರಡಿಯ ಜೀವಕ್ಕೂ ಸೇರಿದ್ದು.

ದೂರದಲ್ಲಿದ್ದೂ ಒಂದು ಪ್ರಾಣಿಯನ್ನು ಆಳವಾಗಿ ಅರಿಯಬಹುದು ಎಂಬುದಕ್ಕೆ ಇಲ್ಲಿನ ದಾಖಲೆಗಳೇ ಸಾಕ್ಷಿ. ಬ್ರೂಕ್ಸ್ ಕರಡಿಗಳಿಗೆ ಕಾಲರ್ ಇಲ್ಲ, ಕಿವಿಗೆ ಬಿಲ್ಲೆ ಇಲ್ಲ. ಕಿವಿಯ ಆಕಾರ, ಮೂತಿ, ಉಗುರಿನ ಬಣ್ಣ, ಗಾಯದ ಗುರುತು, ಮೀನು ಹಿಡಿಯುವ ಶೈಲಿ ಇವನ್ನೇ ನೋಡಿ ಗುರುತಿಸಿ ಒಂದೊಂದಕ್ಕೆ ಸಂಖ್ಯೆ ಕೊಡುತ್ತಾರೆ. ಚಳಿಗಾಲಕ್ಕೆ ಮುನ್ನ ಉಬ್ಬಿ, ಜೂನಿನಲ್ಲಿ ಕೂದಲುದುರಿ ಬಡಕಲಾಗಿ ಬರುವ ಅದೇ ಕರಡಿಯನ್ನು ವರ್ಷದಿಂದ ವರ್ಷಕ್ಕೆ ಗುರುತು ಹಿಡಿಯುವುದಕ್ಕೆ ತಾಳ್ಮೆಯ ಕಣ್ಣು ಬೇಕು. 480ನೇ ಕರಡಿ ಓಟಿಸ್ ಹೀಗೆ ಪರಿಚಿತವಾದದ್ದು. ಹಲ್ಲು ಕಳೆದುಕೊಂಡ ಮುದಿ ಗಂಡು. ಬೇರೆಯವು ಜಗಳವಾಡುತ್ತಾ ನೀರು ಕಲಕುವಾಗ ಅದು ಜಲಪಾತದ ಬದಿಯ ತನ್ನ ಮಾಮೂಲಿ ಜಾಗದಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತು, ಬಳಿಗೆ ಬಂದ ಮೀನನ್ನು ಹಿಡಿಯುತ್ತಿತ್ತು. 2023ರಲ್ಲಿ ಎಲ್ಲರೂ ಆಸೆ ಬಿಟ್ಟ ಮೇಲೆ ಎಲುಬು ಕಾಣುವಂತೆ ಬಂದು ಮೈತುಂಬಿಕೊಂಡು ಹೋಯಿತು. 2024ರಲ್ಲಿ ಬರಲಿಲ್ಲ.

ಓಟಿಸ್ ಜಗತ್ತಿಗೆಲ್ಲ ಗೊತ್ತಾಗಿದ್ದು ರೇಂಜರ್ ಒಬ್ಬರ ಯೋಚನೆಯಿಂದ. 2012ರಿಂದ ನದಿಯ ಮೇಲೆ ನೇರಪ್ರಸಾರದ ಕ್ಯಾಮೆರಾಗಳಿವೆ. 2014ರಲ್ಲಿ ಮೈಕ್ ಫಿಟ್ಜ್ ಎಂಬ ರೇಂಜರ್, ಚಳಿಗಾಲಕ್ಕೆ ಯಾವ ಕರಡಿ ಅತಿ ಚೆನ್ನಾಗಿ ಕೊಬ್ಬಿದೆ ಎಂದು ಜನರಿಂದ ಮತ ಕೇಳಿದರು. ಮೊದಲು ಒಂದೇ ದಿನದ ಆಟವಾಗಿದ್ದದ್ದು ಮರುವರ್ಷ ‘ಫ್ಯಾಟ್ ಬೇರ್ ವೀಕ್’ ಆಯಿತು. ಈಚಿನ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮತಗಳು ಬೀಳುತ್ತವೆ. ಓಟಿಸ್ ನಾಲ್ಕು ಸಲ ಗೆದ್ದಿತು. ಕರಡಿಗೆ ಕೊಬ್ಬು ಎಂದರೆ ಆಯುಸ್ಸು ಎಂಬ ಸರಳ ವಿಜ್ಞಾನವನ್ನು ಯಾವ ಉಪನ್ಯಾಸವೂ ಇಷ್ಟು ಮನೆಗಳಿಗೆ ಮುಟ್ಟಿಸಿರಲಾರದು.

ಕ್ಯಾಮೆರಾ ಸಿಹಿಯನ್ನಷ್ಟೇ ತೋರಿಸುವುದಿಲ್ಲ. 2014ರಲ್ಲಿ 402 ಎಂಬ ಹೆಣ್ಣು ಕರಡಿಯಿಂದ ಅಗಲಿದ ಮರಿಯನ್ನು ಹೋಲಿ ಎಂಬ ಇನ್ನೊಂದು ತಾಯಿ ತನ್ನ ಮರಿಯ ಜೊತೆ ಸೇರಿಸಿಕೊಂಡು ಸಾಕಿತು. ಕಂದು ಕರಡಿಗಳಲ್ಲಿ ಇದು ಬಲು ಅಪರೂಪ. ಹತ್ತು ವರ್ಷ ಕಳೆದು, 2024ರ ಸೆಪ್ಟೆಂಬರ್ 30ರ ಬೆಳಿಗ್ಗೆ, ಅದೇ 402ನ್ನು ಒಂದು ಗಂಡು ಕರಡಿ ನದಿಯಲ್ಲಿ ಕೊಂದಿತು. ಜನ ನೋಡುತ್ತಲೇ ಇದ್ದರು. ಆ ವರ್ಷದ ಸ್ಪರ್ಧೆಯ ಪಟ್ಟಿ ಪ್ರಕಟಿಸುವುದನ್ನು ಒಂದು ದಿನ ಮುಂದಕ್ಕೆ ಹಾಕಿ, ನಡೆದದ್ದನ್ನು ಮುಚ್ಚಿಡದೆ ರೇಂಜರ್‌ಗಳು ಜನರೆದುರು ಮಾತಾಡಿದರು. ಅಂದು ದುಃಖಿತರಿಗೆ ಸಮಾಧಾನ ಹೇಳುವುದೂ ರೇಂಜರ್ ಕೆಲಸವಾಗಿತ್ತು.

ಮಧ್ಯೆ ಹೋಗಿ ಬಿಡಿಸಬಾರದೇ, ಚಿಕಿತ್ಸೆ ಕೊಡಬಾರದೇ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. 2025ರ ಬೇಸಿಗೆಯಲ್ಲೂ ಬಂತು. 32ನೇ ಸಂಖ್ಯೆಯ ಚಂಕ್ ಎಂಬ ದೈತ್ಯ ಗಂಡು ದವಡೆ ಮುರಿದುಕೊಂಡು ಕಾಣಿಸಿಕೊಂಡಿತು. ಬಹುಶಃ ಇನ್ನೊಂದು ಗಂಡಿನ ಜೊತೆ ಕಾದಾಡಿ ಆದ ಪೆಟ್ಟು. ಮನುಷ್ಯರಿಂದಾಗದ ಗಾಯಕ್ಕೆ ಮನುಷ್ಯರು ಕೈಹಾಕುವುದಿಲ್ಲ ಎಂಬುದು ಇಲ್ಲಿನ ಪದ್ಧತಿ. ರೇಂಜರ್‌ಗಳು ನೋಡಿದರು, ಬರೆದಿಟ್ಟರು, ಜಲಪಾತಕ್ಕೆ ಹೋಗುವ ಅದರ ದಾರಿಯಿಂದ ಜನರನ್ನು ಸರಿಸಿದರು. ಆ ವರ್ಷ ಸಾಲ್ಮನ್ ಧಾರಾಳವಾಗಿ ಬಂದಿತ್ತು. ಮುರಿದ ದವಡೆಯಲ್ಲೇ ತಿಂದು ತಿಂದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಚಂಕ್ ತೂಕ ಅಂದಾಜು 1,200 ಪೌಂಡ್, ಅಂದರೆ 540 ಕಿಲೋಗೂ ಮೇಲೇರಿತ್ತು. ಆ ಸಲದ ಮತದಾನದಲ್ಲಿ ಗೆದ್ದದ್ದೂ ಅದೇ.